ರೋಗವು ಪಾಪದ ಫಲವೇ?

ಅನೇಕರಲ್ಲಿ ಮೂತ್ರಪಿಂಡದ ಅರ್ಬುದವು ನೋವಿಲ್ಲದೆ ಬೆಳೆದು, ಬೇರಾವುದೋ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಳ್ಳುತ್ತದೆ. ಆಗ ಆಸ್ತಿಕನ ಮೊದಲ ಪ್ರಶ್ನೆ, “ಇದು ಯಾವ ಜನ್ಮದ ಪಾಪ?” ಧೂಮಪಾನ, ಬೊಜ್ಜು, ರಕ್ತದ ಒತ್ತಡಗಳು ಈ ರೋಗದ ಸಂಭವವನ್ನು ಹೆಚ್ಚಿಸುತ್ತವೆಂಬುದು ದಿಟ, ಆದರೆ ಇವಾವುವೂ ಇಲ್ಲದ ಸದಾಚಾರಿಗಳಿಗೂ ಅದು ಬರುತ್ತದೆ. ರೋಗಿಯನ್ನು ಅಪರಾಧಿಯೆಂದು ಬಗೆದರೆ ನೋವಿನ ಮೇಲೆ ನಾಚಿಕೆಯನ್ನೂ ಹೇರಿದಂತಾಗುತ್ತದೆ.

ರೋಗವು ಹರಡುವ ಮೊದಲೇ ಕಂಡುಬಂದರೆ ಶಸ್ತ್ರಚಿಕಿತ್ಸೆಯಿಂದ ಗುಣವಾಗುವವರು ಬಹಳ. 1869ರಲ್ಲಿಯೇ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಸ್ತಾವ್ ಸೈಮನ್ ಎಂಬ ವೈದ್ಯರು, ಬೇರೊಂದು ವ್ಯಾಧಿಗಾಗಿ ರೋಗಿಯೊಬ್ಬಳ ಒಂದು ಮೂತ್ರಪಿಂಡವನ್ನು ತೆಗೆದು, ಉಳಿದ ಒಂದರಿಂದಲೇ ಮನುಷ್ಯ ಬದುಕಬಲ್ಲನೆಂದು ತೋರಿಸಿಕೊಟ್ಟರು. ಉಳಿದ ಪಿಂಡವು ಕ್ರಮೇಣ ತುಸು ಹಿಗ್ಗಿ, ಎರಡರ ಕೆಲಸದ ಬಹುಭಾಗವನ್ನು ತಾನೊಂದೇ ನಡೆಸುತ್ತದೆ.

ಹಾಗಾದರೆ ಗುಣವಾದುದು ಪುಣ್ಯದ ಫಲವೆನ್ನಬಹುದೆ? ಹಾಗೆಂದರೆ ಗುಣವಾಗದೆ ತೀರಿಕೊಂಡವರನ್ನು ಪಾಪಿಗಳೆಂದು ಕರೆದಂತಾಗುವುದು. ಗುಣವಾದವರೂ ವರ್ಷಗಟ್ಟಲೆ ಪರೀಕ್ಷೆಗೆ ಹೋಗುತ್ತಿರಬೇಕು. ಪ್ರತಿ ಸಲವೂ ಅದೇ ಭಯ. ನವರಾತ್ರಿಯಲ್ಲಿ ದೇವಿಯ ಮುಂದೆ ಆರೋಗ್ಯವನ್ನು ಬೇಡುವುದು ತಪ್ಪಲ್ಲ. ಆಕೆಯನ್ನು ಪಾಪಪುಣ್ಯಗಳ ಲೆಕ್ಕ ಬರೆಯುವವಳನ್ನಾಗಿ ಮಾಡುವುದು ತಪ್ಪು. ಭಯದ ನಡುವೆಯೂ ಅಂದಿನ ಕರ್ತವ್ಯವನ್ನು ಅಂದು ಮಾಡುವ ಧೈರ್ಯ, ಇನ್ನೊಬ್ಬ ರೋಗಿಯ ಬಳಿ ಕಾರಣ ಕೇಳದೆ ಕುಳಿತುಕೊಳ್ಳುವ ಕರುಣೆ, ಇವೆರಡೂ ಭಕ್ತನು ಬೇಡತಕ್ಕ ವರಗಳು.