ಕೆಳಗೆ ಯಾರಿದ್ದಾರೆ?

ನೀತಿಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ನಾನು ನಡುರಾತ್ರಿಯವರೆಗೆ ರಾಕೆಟ್ ಆಟ ಆಡುತ್ತೇನೆ ಎಂಬುದು ನನ್ನ ಗೈಡ್‌ಗೆ ಗೊತ್ತಿಲ್ಲ. ಆಟದ ಹೆಸರು ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಕರ್ಬಿನ್ ಎಂಬ ಪುಟ್ಟ ಗ್ರಹದಲ್ಲಿ ಬಿಡಿಭಾಗಗಳನ್ನು ಜೋಡಿಸಿ ನಮ್ಮದೇ ನೌಕೆಗಳನ್ನು ಹಾರಿಸಬೇಕು. ಕೆಲವು ತಿಂಗಳಿಂದ ಒಂದೇ ವಿನ್ಯಾಸ ನನ್ನ ತಲೆ ತಿನ್ನುತ್ತಿದೆ: ಚಾಲಕನಿಲ್ಲದ ವಿಮಾನ, ಅದರ ಹೊಟ್ಟೆಯಡಿ ಸಣ್ಣ ರಾಕೆಟ್, ರಾಕೆಟ್ಟಿನ ಮೂತಿಯಲ್ಲಿ ಉಪಗ್ರಹ. 10 ಕಿಲೋಮೀಟರ್ ಎತ್ತರದಲ್ಲಿ ರಾಕೆಟ್ಟನ್ನು ಕಳಚಿ ಬಿಡುವುದು.

ನಿಜಲೋಕದಲ್ಲಿ ಅಮೆರಿಕದ ಪೆಗಾಸಸ್ ರಾಕೆಟ್ 1990ರ ಏಪ್ರಿಲ್ 5ರಂದು ಬಿ-52 ವಿಮಾನದ ರೆಕ್ಕೆಯಡಿಯಿಂದ ಕಳಚಿಕೊಂಡು ಹೀಗೆಯೇ ಕಕ್ಷೆ ಸೇರಿತು. ವಿಮಾನದಿಂದ ಸಿಗುವ ವೇಗ ಸೆಕೆಂಡಿಗೆ ಸುಮಾರು ಕಾಲು ಕಿಲೋಮೀಟರ್. ಕಕ್ಷೆಗೆ ಬೇಕಾದದ್ದು ಏಳೂವರೆಗೂ ಹೆಚ್ಚು. ಹಾಗಾಗಿ ದೊಡ್ಡ ಲಾಭ ವೇಗದಲ್ಲಿಲ್ಲ. ಕೆಳಗಿನ ದಟ್ಟ ಗಾಳಿ ತಪ್ಪುತ್ತದೆ, ಎಲ್ಲಿ ಬಿಡಬೇಕೆಂದು ಆರಿಸಿಕೊಳ್ಳಬಹುದು. ಸಮುದ್ರದ ಮೇಲೆ ಹೋಗಿ ಬಿಟ್ಟರೆ ಬೀಳುವುದು ನೀರಿಗೆ.

ಆಟದಲ್ಲಿ ಒಂದು ವಿಚಿತ್ರವಿದೆ. ರಾಕೆಟ್ಟಿನ ಹಿಂದೆ ನಾನು ಹೋದರೆ, ಸುಮಾರು 22 ಕಿಲೋಮೀಟರ್ ದೂರವಾಗುತ್ತಲೇ, ಇನ್ನೂ ಗಾಳಿಯಲ್ಲಿರುವ ತಾಯಿವಿಮಾನವನ್ನು ಆಟ ಅಳಿಸಿಹಾಕುತ್ತದೆ. ಅದು ಎಲ್ಲಿಯೂ ಬೀಳುವುದಿಲ್ಲ. ಬಿದ್ದರೂ ಕರ್ಬಿನ್‌ನಲ್ಲಿ ಹಳ್ಳಿಗಳಿಲ್ಲ, ಹೊಲಗಳಿಲ್ಲ. ನೂರಾರು ವಿಮಾನ ಹೀಗೆ ಕಳೆದರೂ ನನಗೇನೂ ಅನ್ನಿಸಿರಲಿಲ್ಲ. ಒಳಗೆ ಯಾರೂ ಇರಲಿಲ್ಲವಲ್ಲ.

ಚಾಲಕನನ್ನು ಕೆಳಗಿಳಿಸುವುದು ಒಳ್ಳೆಯದೇ, ಅದನ್ನು ಅಲ್ಲಗಳೆಯುತ್ತಿಲ್ಲ. 2014ರ ಅಕ್ಟೋಬರ್ 31ರಂದು ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯ ಮೇಲೆ, ತಾಯಿವಿಮಾನದಿಂದ ಕಳಚಿದ ಸ್ಪೇಸ್‌ಶಿಪ್‌ಟೂ ಒಡೆದು ಸಹಚಾಲಕ ಮೈಕಲ್ ಆಲ್ಸ್‌ಬರಿ ಸತ್ತರು. ಯಂತ್ರಕ್ಕೇ ಬಿಡಬಹುದಾದ ಪರೀಕ್ಷೆಗೆ ಮನುಷ್ಯನನ್ನೇಕೆ ಕೂರಿಸಬೇಕು? ನನ್ನ ತಕರಾರು ‘ಮಾನವರಹಿತ’ ಎಂಬ ಪದದ ಬಗ್ಗೆ. ಅದು ವಿಮಾನದ ಒಳಗನ್ನಷ್ಟೇ ಎಣಿಸುತ್ತದೆ. ಕೇಳಿದವರಿಗೆ ಮಾತ್ರ ಆಕಾಶದಿಂದ ನೆಲದವರೆಗೂ ಯಾರೂ ಇಲ್ಲವೆನ್ನಿಸುತ್ತದೆ.

ನಮ್ಮ ಕೆಂಕೆರೆಯ ತೋಟದಲ್ಲಿ ಕಾಯಿ ಕೀಳಲು ಮರ ಹತ್ತಿದವನು ಗೊನೆಗೆ ಕೈ ಹಾಕುವ ಮೊದಲು ಕೂಗುತ್ತಾನೆ. ಕೆಳಗಿನಿಂದ ಉತ್ತರ ಬರುವವರೆಗೆ ಒಂದು ಕಾಯನ್ನೂ ಬೀಳಿಸುವುದಿಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ ನಾನು ಗಿಡ್ಡ ಮರವೊಂದರಿಂದ ದೋಟಿಯಲ್ಲಿ ಕಾಯಿ ಕೆಡವಿದೆ. ಬದುವಿನ ಆಚೆ ಮಲಗಿದ್ದ ಪಕ್ಕದ ಮನೆಯವರ ಕುರಿಮರಿಯ ಕಾಲು ಮುರಿಯಿತು. “ಯಾರೂ ಇಲ್ಲ ಅಂದ್ಕಂಡೆ ಅಜ್ಜಿ” ಅಂದೆ. ಅಜ್ಜಿ ಬೈಯಲಿಲ್ಲ. “ನೋಡ್ದ್ಯೋ, ಅಂದ್ಕಂಡ್ಯೋ?” ಅಂದಳು. ನನ್ನ ಪ್ರಬಂಧದ ಹೊಣೆಗಾರಿಕೆಯ ಅಧ್ಯಾಯ ಎರಡು ವರ್ಷದಿಂದ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಿದೆ, ಅಡಿಟಿಪ್ಪಣಿಯಲ್ಲಿ ಅಜ್ಜಿಯ ಹೆಸರು ಹಾಕುವಂತಿಲ್ಲ ಅಷ್ಟೆ.

ಹುಳಿಯಾರು ದಾಟಿ ಹಿರಿಯೂರು, ಅಲ್ಲಿಂದ ಚಳ್ಳಕೆರೆ. ಆ ಕಡೆಯ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ತನ್ನ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಚಿನೂಕ್ ಹೆಲಿಕಾಪ್ಟರಿನಿಂದ 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಇಳಿಯಿತು. ನನ್ನ ಆಟದ ವಿಮಾನ ಕಲಿಯಬೇಕಾದ ಪಾಠವೇ ಅದು. ಆ ವೀಡಿಯೊವನ್ನು ಎಷ್ಟು ಸಲ ನೋಡಿದೆನೋ. ಅದೇ ವರ್ಷ ಆಗಸ್ಟ್ 20ರಂದು ಡಿಆರ್‌ಡಿಒದ ತಪಸ್ ಡ್ರೋನ್ ಪರೀಕ್ಷಾ ಹಾರಾಟದಲ್ಲಿ ಹಿರಿಯೂರು ತಾಲ್ಲೂಕಿನ ವಡ್ಡಿಕೆರೆಯ ಜಮೀನಿಗೆ ಬಿತ್ತು. ಪ್ರಾಣಹಾನಿ ಇಲ್ಲ ಎಂದು ಸುದ್ದಿ ಬಂತು. ನಿಜ, ಸಮಾಧಾನವೂ ಆಯಿತು. ಆದರೆ ಒಳಗೆ ಯಾರೂ ಇಲ್ಲದಿದ್ದದ್ದು ವಿನ್ಯಾಸದಿಂದ; ಹೊಲದಲ್ಲಿ ಆ ಹೊತ್ತಿಗೆ ಯಾರೂ ಇಲ್ಲದಿದ್ದದ್ದು ಅದೃಷ್ಟದಿಂದ. ಎರಡೂ ಒಂದೇ ವಾಕ್ಯದಲ್ಲಿ ಸೇರಿಹೋಗುತ್ತವೆ.

ಆ ವಲಯವಿರುವ ನೆಲವೂ ಅಮೃತಮಹಲ್ ಕಾವಲೇ. ಕುರಿ, ದನ ಮೇಯುತ್ತಿದ್ದ ಹುಲ್ಲುಗಾವಲು ನಕಾಶೆಯ ಮೇಲೆ ಖಾಲಿಯಾಗಿ ಕಂಡಿತು. ಅದನ್ನು ಸಂಸ್ಥೆಗಳಿಗೆ ಕೊಟ್ಟ ವ್ಯಾಜ್ಯ ಹಸಿರು ನ್ಯಾಯಾಧಿಕರಣದವರೆಗೆ ಹೋಯಿತು. ಪರೀಕ್ಷೆಗೆ ತೆರೆದ ಬಯಲು ಬೇಕೇ ಬೇಕು, ಒಪ್ಪುತ್ತೇನೆ. ಅಜ್ಜಿಯ ಪ್ರಶ್ನೆ ಅಲ್ಲಿಗೂ ಹೋಗುತ್ತದೆ.

ಮೊನ್ನೆ ಊರಿಗೆ ಹೋದಾಗ ಹಜಾರದಲ್ಲಿ ಕೂತು ಮತ್ತೆ ಹಾರಿಸಿದೆ. ಮೇಲೆ ಅಟ್ಟದಲ್ಲಿ ಕೊಬ್ಬರಿಗೆಂದು ಪೇರಿಸಿದ ಕಾಯಿ, ಪಕ್ಕದಲ್ಲಿ ಅಜ್ಜಿ. 10 ಕಿಲೋಮೀಟರಿಗೆ ರಾಕೆಟ್ ಕಳಚಿತು. ಈ ಸಲ ನಾನು ಅದರ ಹಿಂದೆ ಹೋಗದೆ ವಿಮಾನದಲ್ಲೇ ಉಳಿದೆ. ಸ್ವಲ್ಪ ಹೊತ್ತಿಗೆ ರಾಕೆಟ್ಟು, ಉಪಗ್ರಹ ಎರಡೂ ಅಳಿಸಿಹೋದವು. ವಿಮಾನವನ್ನು ತಿರುಗಿಸಿ ರನ್‌ವೇಗೆ ತಂದು ಇಳಿಸಿದೆ. ಎಡಗಡೆಯ ಚಕ್ರ ಮುರಿಯಿತು.