ಕಾಯಕವೂ ಕಾಯಿಲೆಯೂ

ಕಾಯಕವನ್ನು ಪೂಜೆಯೆಂದೇ ಬಗೆದ ಶರಣಧರ್ಮದಲ್ಲಿ ರೋಗಿಯ ಸ್ಥಾನವೇನು? ಕಾಯಕ ನಿಂತ ದಿನ ಕೈಗೆ ಬಂದ ಸಂಬಳವು ಸತ್ಯಶುದ್ಧವೆನಿಸುವುದೆ? ವೇತನಸಹಿತವಾದ ಕಾಯಿಲೆ ರಜೆಯ ವಿಷಯದಲ್ಲಿ ಶ್ರದ್ಧಾವಂತರು ಎತ್ತುವ ಈ ಆಕ್ಷೇಪವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ.

ಆಕ್ಷೇಪಕರು ಆಯ್ದಕ್ಕಿ ಮಾರಯ್ಯನವರ ಚರಿತ್ರೆಯನ್ನು ಮುಂದಿಡುವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ನಿತ್ಯದ ಅಳತೆಯನ್ನು ಮೀರಿ ತಂದಾಗ ಸತಿ ಲಕ್ಕಮ್ಮನವರು ಅದನ್ನು ಮರಳಿ ಸುರಿದು ಬರುವಂತೆ ಹೇಳಿದರು. ಹೆಚ್ಚಿನ ಹಿಡಿ ಅಕ್ಕಿಯೇ ಸಲ್ಲದಿರುವಾಗ ದುಡಿಯದ ದಿನದ ಕೂಲಿ ಸಲ್ಲುವುದೆಂತು? ಆದರೆ ಲಕ್ಕಮ್ಮನವರ ಅಳತೆ ಯಾವುದೆಂಬುದು ಇಲ್ಲಿ ವಿಚಾರಣೀಯ. ಆ ಮಹಾತಾಯಿ ಅಳೆದದ್ದು ದಿನದ ಅಗತ್ಯವನ್ನು. ಜ್ವರ ಬಂದ ದಿನ ಮನೆಮಂದಿಯ ಹಸಿವು ಕಡಿಮೆಯಾಗುವುದಿಲ್ಲ. ಔಷಧದ ಖರ್ಚು ಬೇರೆ. ಮಾರಯ್ಯನವರು ಮರಳಿಸಿದ್ದು ಅಗತ್ಯಕ್ಕೆ ಮಿಕ್ಕದ್ದನ್ನೇ ಹೊರತು ಅಗತ್ಯವನ್ನಲ್ಲ.

ಕೃಷ್ಣರಾಜನಗರದ ಮೂಲಕ ಹಾಯುವ ಮೈಸೂರು–ಹಾಸನ ರೈಲುಮಾರ್ಗದಲ್ಲಿ ಕೀಮನ್ನನು ದಿನವೂ ಹಳಿಯಗುಂಟ ನಡೆದು ಸಡಿಲಗೊಂಡ ಬಿಗಿಗಳನ್ನು ಸರಿಪಡಿಸುವನು. ರೈಲ್ವೆಯ 1949ರ ರಜಾ ನಿಯಮಗಳಂತೆ ಆತನಿಗೆ ವರ್ಷಕ್ಕೆ 20 ದಿನಗಳ ಅರ್ಧವೇತನ ರಜೆಯುಂಟು. ವೈದ್ಯರ ಪ್ರಮಾಣಪತ್ರವಿದ್ದಲ್ಲಿ ಅಂಥ ಎರಡು ದಿನಗಳನ್ನು ತೆತ್ತು ಪೂರ್ಣವೇತನದ ಒಂದು ದಿನವನ್ನು ಪಡೆಯಬಹುದು. ಸೇವೆಯ ಲೆಕ್ಕದಲ್ಲಿ ಜಮೆಯಾಗುವ ಈ ರಜೆ ದಾನವಲ್ಲ, ಕಾಯಕದ ಫಲವೇ ಆಗಿದೆ. ಸುಳ್ಳು ಕಾಯಿಲೆ ಹೂಡುವವನು ಕಾಯಕದ್ರೋಹಿ, ನಿಜ. ಕೂಲಿ ಹೋಗುವ ಭಯದಿಂದ ಜ್ವರವನ್ನು ಬಚ್ಚಿಟ್ಟು ನಡೆದವನ ಮಂಜಾದ ಕಣ್ಣಿಗೆ ಒಂದು ಬಿಗಿ ತಪ್ಪಿಹೋದರೆ ಆ ದ್ರೋಹ ಯಾರದು? ಸಂಪದ್ಭರಿತವಾದ ಅಮೆರಿಕೆಯಲ್ಲಿಯೂ ಇದು ಬಗೆಹರಿದಿರಲಿಲ್ಲ. ಸರಕು ರೈಲುಗಳ ನೌಕರರಿಗೆ 7 ದಿನಗಳ ಇಂಥ ರಜೆ ಕೊಡಬೇಕೆಂಬ ನಿರ್ಣಯಕ್ಕೆ 2022ರ ಡಿಸೆಂಬರಿನಲ್ಲಿ ಅಲ್ಲಿನ ಸೆನೆಟಿನಲ್ಲಿ 60 ಮತಗಳು ಬೇಕಾಗಿದ್ದಲ್ಲಿ 52 ಮಾತ್ರ ದೊರೆತವು; ಮರುವರ್ಷ ಹಲವು ಕಂಪನಿಗಳು ಕಾರ್ಮಿಕ ಸಂಘಗಳೊಡನೆ ತಾವೇ ಒಪ್ಪಂದಕ್ಕೆ ಬಂದವು.

ಇದು ಹಳಿಯ ಮಾತು. ನೆರೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಲ್ಲಿ ರೈಲೇ ಇಲ್ಲ. ಅಲ್ಲಿನ ದೊಡ್ಡ ದುಡಿಮೆ ಹೊಗೆಸೊಪ್ಪಿನದು. ಒದ್ದೆ ಸೊಪ್ಪನ್ನು ಬರಿಗೈಯಿಂದ ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಒಳಸೇರಿ ತಲೆಸುತ್ತು, ವಾಂತಿಗಳನ್ನು ತರುವುದುಂಟು. ಅಲ್ಲಿ ಕಾಯಿಲೆಯು ಕಾಯಕದಿಂದಲೇ ಹುಟ್ಟುತ್ತದೆ. ಆದರೂ ದಿನಗೂಲಿಯ ಹೆಣ್ಣಾಳಿಗೆ ಅರ್ಧವೇತನವೆಂಬ ಮಾತೇ ಇಲ್ಲ. ರೈಲ್ವೆಯಲ್ಲಿ ನಿಯಮವನ್ನು ಬರೆದವರು ಸರ್ಕಾರದವರು. ಇಲ್ಲಿ ಕೂಲಿಯನ್ನು ಗೊತ್ತುಮಾಡುವವರು ಹೊಲದ ಒಡೆಯರು, ಅವರಲ್ಲಿ ಇಷ್ಟಲಿಂಗಧಾರಿಗಳೂ ಉಂಟು. ಜಾತ್ರೆಯ ದಾಸೋಹಕ್ಕೆ ಅಕ್ಕಿಮೂಟೆ ಕಳುಹುವುದರಲ್ಲಿ ಅವರು ಹಿಂದೆಬಿದ್ದವರಲ್ಲ. ಸೊಪ್ಪು ಮುರಿಯುತ್ತ ಕುಸಿದವಳಿಗೆ ಮರುದಿನದ ಕೂಲಿ ಕೊಟ್ಟಾಗ ಮಾತ್ರ ಅದನ್ನು ದಾಸೋಹದ ಖರ್ಚಿಗೆ ಬರೆಯದೆ ಬೇಸಾಯದ ಖರ್ಚಿಗೇ ಬರೆಯಬೇಕು, ಗೊಬ್ಬರ ಸೌದೆಗಳ ಬಾಬಿನ ಪಕ್ಕದಲ್ಲಿ.