ಸತ್ತ ಎಮ್ಮೆ ಯಾರದು?

2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಸೀಮೆಯ ಊರುಗಳು ಮುಳುಗಿದವು. ನೀರಿಗೆ ಜಾತಿಯಿಲ್ಲ ಅಂತಾರೆ. ಇರಲಿ. ಪರಿಹಾರಕ್ಕೆ?

ಕೇಂದ್ರದ ನಿಯಮದಲ್ಲಿ ಅಂದು ಹಾಲು ಕೊಡುವ ಎಮ್ಮೆ ಸತ್ತರೆ 30,000 ರೂಪಾಯಿ, ಕುರಿ ಮೇಕೆಗೆ 3,000. 2022ರಲ್ಲಿ ಅದು 37,500 ಮತ್ತು 4,000 ಆಯಿತು. ಕೊಡಲಿ, ಬೇಡ ಅನ್ನೋರು ನಾವಲ್ಲ. ಸಣ್ಣ ರೈತನಿಗೆ ಅದೂ ಸಾಲದು.

ಆದರೆ ಬೆಳೆಪರಿಹಾರಕ್ಕೆ ಪಹಣಿ ಬೇಕು. ಕೋರಿಗೆ ಉತ್ತವನ ಹೆಸರು ಅದರಲ್ಲಿ ಕಾಣೋದು ಅಪರೂಪ. ಧಣಿಯ ಎಮ್ಮೆಯನ್ನು ಪಾಲಿಗೆ ಸಾಕಿದವಳ ಹೆಸರು ಯಾವ ಕಾಗದದಲ್ಲಿದೆ? ಹುಲ್ಲು ಹೊತ್ತವಳು, ಸಗಣಿ ಬಾಚಿದವಳು, ಈಯುವ ರಾತ್ರಿ ನಿದ್ದೆಗೆಟ್ಟವಳು ಅವಳು. ಎಮ್ಮೆ ಸತ್ತರೆ ದುಡ್ಡು ಒಡೆಯನಿಗೆ. ನಾರುವ ಹೆಣ ಎಳೆಯೋಕೆ ಕರೆ ನಮ್ಮ ಕೇರಿಗೆ. ನಮ್ಮ ಕೈಯ ಹಾಲು ಮೈಲಿಗೆ ಅನ್ನೋರಿಗೆ ಹೆಣಕ್ಕೆ ಮಾತ್ರ ಅದೇ ಕೈ ಬೇಕು!

ನಷ್ಟ ಅಂದರೆ ಒಡೆತನ ಹೋಗುವುದಷ್ಟೇ ಏನು? ಬೆವರು ಹೋದದ್ದು ನಷ್ಟವಲ್ಲವೇ? ಕಾಗದವಿದ್ದವನ ದುಃಖವನ್ನಷ್ಟೇ ಎಣಿಸುವ ನ್ಯಾಯ ಅರ್ಧ ನ್ಯಾಯ.

ಮೇಷ್ಟ್ರೇ, ಗೆಳೆಯರೇ, ಮುಂದಿನ ನೆರೆಯಲ್ಲಿ ಪಂಚನಾಮೆ ಬರೆಯುವಾಗ ಪಕ್ಕದಲ್ಲಿ ನಿಲ್ಲೋಣ. ಎಮ್ಮೆ ಯಾರದು ಎಂಬುದರ ಜೊತೆಗೆ, ಸಾಕಿದವರು ಯಾರು ಅಂತಲೂ ಬರೆಸೋಣ. ನಾವು ಕರುಣೆ ಕೇಳ್ತಿಲ್ಲ, ಪಾಲು ಕೇಳ್ತಿದೀವಿ.